ಕುನಾಲನಿಗೆ ಕೊಟ್ಟ ಹನ್ನೊಂದು ಮಂದಿ

ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಈಗ ಮನೆಗೊಂದು ಟ್ಯೂಷನ್ ಕ್ಲಾಸು, ಎರಡು ಮನೆಗೊಂದು ಕ್ಲಿನಿಕ್ಕು. ಮೊದಲನೆಯದರಲ್ಲಿ ತಲೆನೋವು ಹತ್ತಿದರೆ ಎರಡನೆಯದಕ್ಕೆ ಹೋಗಲು ದೂರವೇನೂ ಇಲ್ಲ. ನನ್ನ ಕ್ಲಾಸು ಇವೆಲ್ಲಕ್ಕಿಂತ ಹಳೆಯದು. ನಾನು ಸುನಂದಾ, ಕನ್ನಡ ಕಲಿಸುತ್ತೇನೆ. ಅಂದರೆ ಯಾವ ತಂದೆ ತಾಯಿಯೂ ಫೀ ಕೊಟ್ಟು ಕಲಿಸಲು ಇಷ್ಟಪಡದ ವಿಷಯವನ್ನು ಕಲಿಸುತ್ತೇನೆ. ಕ್ಲಾಸು ನಡೆಯುವುದು ಗಣಿತದಿಂದ, ಗಣಿತ ನಡೆಯುವುದು ಅಜಿತನಿಂದ. ಇದು ಅಜಿತನ ಕತೆ.

ಅಜಿತ ಕಮಲಾಪುರದವನು. ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಎಂ.ಎಸ್ಸಿ. ಮಾಡಿದ್ದಾನೆ. ಬೆಳಿಗ್ಗೆ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ, ಸಂಜೆ ನಮ್ಮಲ್ಲಿ ಟ್ಯೂಷನ್ನು. ಅತಿಥಿ ಅಂತ ಹೆಸರಿಟ್ಟು ವರ್ಷಗಟ್ಟಲೆ ದುಡಿಸಿಕೊಳ್ಳುವ ಈ ಪದ್ಧತಿಯ ಬಗ್ಗೆ ನನಗೆ ಹೇಳಬೇಕಾದದ್ದು ಬಹಳವಿದೆ, ಆದರೆ ಅದು ಇಲ್ಲಿ ಬೇಡ. ಹುಡುಗ ಒಳ್ಳೆಯವನು. ಅಂಗಿ ಇಸ್ತ್ರಿ, ಮಾತು ಮೆತ್ತಗೆ, ಬೋರ್ಡಿನ ಮೇಲೆ ಅಕ್ಷರ ಮುತ್ತು. ಅವನಲ್ಲಿ ನನಗೆ ಸಿಟ್ಟು ಬರಿಸುವ ಗುಣ ಒಂದೇ ಒಂದು ಇತ್ತು. ಯಾವ ಪ್ರಶ್ನೆಗೂ ಹೌದು ಅಥವಾ ಇಲ್ಲ ಅಂತ ನೇರವಾಗಿ ಹೇಳುತ್ತಿರಲಿಲ್ಲ. ಸಂಜೆ ಮಳೆ ಬರುತ್ತದೇನೋ ಅಂತ ಕೇಳಿದರೆ, ಹತ್ತರಲ್ಲಿ ಮೂರು ಸಲ ಬರಬಹುದು ಮ್ಯಾಡಂ ಅನ್ನುತ್ತಿದ್ದ. ಮಗಳು ಪಾಸಾಗುತ್ತಾಳೇನ್ರಿ ಅಂತ ಕೇಳಲು ಬಂದ ತಾಯಿಗೆ ನೂರಕ್ಕೆ ಅರವತ್ತು ಅಂದುಬಿಟ್ಟಿದ್ದ, ಆಕೆ ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತಿದ್ದಳು. ಅವಳಿಗೆ ನೀರು ಕೊಟ್ಟು ಸಮಾಧಾನ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ನಾನು ಎಷ್ಟೋ ಸಲ ಗದರಿದ್ದೇನೆ, ಜನರಿಗೆ ಅಂಕಿ ಬೇಕಾಗಿರುವುದಿಲ್ಲ, ಮಾತು ಬೇಕಾಗಿರುತ್ತದೆ ಅಂತ. ಅವನು ತಲೆ ತಗ್ಗಿಸಿ ನಗುತ್ತಿದ್ದ, ಮರುದಿನ ಮತ್ತೆ ಅದೇ ರಾಗ.

ಪ್ರತಿ ಶನಿವಾರ ಮಧ್ಯಾಹ್ನ ಕ್ಲಾಸು ಮುಗಿಸಿ ಅವನು ಕಮಲಾಪುರದ ಬಸ್ಸು ಹಿಡಿಯುತ್ತಿದ್ದ. ತಾಯಿ ಗುಂಡಮ್ಮನನ್ನು ನೋಡುವುದು ಒಂದು ನೆಪ, ಕುನಾಲನ ಅಂಗಡಿಯಲ್ಲಿ ಕೂರುವುದು ನಿಜವಾದ ಕಾರಣ. ಕುನಾಲ ಅವನ ಬಾಲ್ಯದ ಗೆಳೆಯ. ಇಬ್ಬರೂ ಸರ್ಕಾರಿ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿ ಬೆಳೆದವರು. ಒಬ್ಬನ ಮನೆಯಿಂದ ಬಂದ ಶೇಂಗಾ ಹೋಳಿಗೆ ಕೋಣೆಯಲ್ಲಿದ್ದವರೆಲ್ಲರ ತಟ್ಟೆಗೂ ಬೀಳಬೇಕು, ಅರ್ಧ ಆಗಲಿ ಕಾಲಾಗಲಿ, ಮುಚ್ಚಿಟ್ಟು ತಿಂದವನ ಜೊತೆ ಮಾತಿಲ್ಲ. ಅದು ಅಲ್ಲಿಯ ಕಟ್ಟಳೆ. ಅಜಿತ ಓದುತ್ತಾ ಹೋದ. ಕುನಾಲ ಪಿಯುಸಿ ಗಣಿತದಲ್ಲಿ ನಪಾಸಾಗಿ ಮೊಬೈಲ್ ರಿಪೇರಿ ಕಲಿತು, ಕಮಲಾಪುರದ ಬಸ್ ಸ್ಟ್ಯಾಂಡಿನ ಹತ್ತಿರ, ಕೆಂಪು ಬಾಳೆಹಣ್ಣಿನ ಗಾಡಿಗಳ ಹಿಂದೆ ಒಂದು ಸಣ್ಣ ಅಂಗಡಿ ಹಾಕಿದ. ಗೆಳೆತನ ಮಾತ್ರ ಹಾಗೆಯೇ ಇತ್ತು. ಅಜಿತ ಸರ್ ಅಂತ ಊರೆಲ್ಲ ಕರೆಯುವಾಗ ಅವನನ್ನು ಅಜ್ಯಾ ಅಂತ ಕರೆಯುವವನು ಕುನಾಲ ಒಬ್ಬನೇ.

ಇವರಿಗೆ ಫುಟ್‌ಬಾಲಿನ ಹುಚ್ಚು ಹ್ಯಾಗೆ ಹಿಡಿಯಿತು ಅಂತ ನಾನು ಕೇಳಿದ್ದೆ. ಕಲಬುರಗಿ ಕಡೆ ಹುಡುಗರು ಹುಟ್ಟುತ್ತಲೇ ಕ್ರಿಕೆಟ್ಟಿನವರು. ಅಜಿತ ಹೇಳಿದ್ದು ಹೀಗೆ. ಊರಲ್ಲಿ ಬ್ಯಾಟು, ಸ್ಟಂಪು, ಪ್ಯಾಡು ಇದ್ದದ್ದು ಬೇರೆ ಓಣಿಯ ಹುಡುಗರ ಹತ್ತಿರ, ಅವರು ಕರೆದರೆ ಆಡಬೇಕು, ಕರೆಯದಿದ್ದರೆ ಬೌಂಡರಿಯ ಆಚೆ ನಿಂತು ಚೆಂಡು ಎತ್ತಿ ಕೊಡಬೇಕು. ಫುಟ್‌ಬಾಲಿಗೆ ಒಂದು ಚೆಂಡು ಸಾಕು, ಅದನ್ನು ಇವರ ಓಣಿಯವರು ತಲೆಗಿಷ್ಟು ಅಂತ ಪಟ್ಟಿ ಹಾಕಿ ತಂದುಕೊಂಡರು. ಇದನ್ನು ಅವನು ಯಾವ ಕಹಿಯೂ ಇಲ್ಲದೆ ಹೇಳಿದ. ನನಗೆ ಮಾತ್ರ ನಮ್ಮ ಮನೆಯ ಅಟ್ಟದ ಮೇಲೆ ಧೂಳು ತಿನ್ನುತ್ತ ಬಿದ್ದಿದ್ದ ಅಣ್ಣನ ಬ್ಯಾಟು ಕಣ್ಣ ಮುಂದೆ ಬಂತು.

ಮುಂದೆ ಮೊಬೈಲಿನಲ್ಲಿ ಆ ಆಟ ಬಂತು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ನನಗೂ ಮೊದಲು ತಲೆಬುಡ ತಿಳಿದಿರಲಿಲ್ಲ. ಇಂಗ್ಲೆಂಡಿನಲ್ಲಿ ಎಲ್ಲೋ ಎರಡು ತಂಡಗಳು ಶನಿವಾರ ಆಡುತ್ತವೆ, ಅಲ್ಲಿ ಮಧ್ಯಾಹ್ನ, ನಮಗೆ ಸಂಜೆ. ಆ ಎರಡೂ ತಂಡಗಳ ಆಟಗಾರರನ್ನು ಕಲೆಸಿ ನಮಗೆ ಬೇಕಾದ ಹನ್ನೊಂದು ಮಂದಿಯನ್ನು ಆರಿಸಿ ಮೊಬೈಲಿನಲ್ಲಿ ನಮ್ಮದೇ ಒಂದು ಟೀಮು ಮಾಡಬೇಕು, ಒಬ್ಬನನ್ನು ಕ್ಯಾಪ್ಟನ್ ಅನ್ನಬೇಕು. ಅವರು ಅಲ್ಲಿ ನಿಜವಾಗಿ ಗೋಲು ಹೊಡೆದರೆ, ತಡೆದರೆ, ಪಾಸು ಕೊಟ್ಟರೆ ನಮಗೆ ಪಾಯಿಂಟು, ಕ್ಯಾಪ್ಟನ್ನಿನದು ಎರಡು ಪಟ್ಟು. ದೇಶದ ಲಕ್ಷಾಂತರ ಜನ ಚಹದ ದುಡ್ಡಿನಷ್ಟು ಕಟ್ಟಿ ಟೀಮು ಮಾಡಿರುತ್ತಾರೆ, ಎಲ್ಲರಿಗಿಂತ ಮೇಲೆ ಬಂದವರಿಗೆ ದೊಡ್ಡ ಬಹುಮಾನ. ಎಲ್ಲ ಒಂದೇ ದಿನದಲ್ಲಿ ಮುಗಿಯುತ್ತದೆ, ಮುಂದಿನ ಶನಿವಾರ ಮತ್ತೆ ಮೊದಲಿನಿಂದ.

ಬೇರೆಯವರು ಹೆಸರು ನೋಡಿ, ಮುಖ ನೋಡಿ, ಹೆಂಡತಿಯ ಕನಸು ನೋಡಿ ಟೀಮು ಮಾಡುತ್ತಿದ್ದರು. ಅಜಿತ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತ. ಸಂಜೆ ನಡೆಯಬೇಕಾದ ಪಂದ್ಯವನ್ನು ಅವನ ಪ್ರೋಗ್ರಾಮು ಮಧ್ಯಾಹ್ನವೇ ಹತ್ತು ಸಾವಿರ ಸಲ ಆಡಿ ಮುಗಿಸುತ್ತಿತ್ತು. ಒಂದು ಸಲ ಈ ತಂಡ ಗೆಲ್ಲುತ್ತದೆ, ಇನ್ನೊಂದು ಸಲ ಆ ತಂಡ, ಮತ್ತೊಂದು ಸಲ ಯಾರಿಗೂ ಗೊತ್ತಿಲ್ಲದ ಬದಲಿ ಆಟಗಾರನೊಬ್ಬ ಬಂದು ಎರಡು ಗೋಲು ಹೊಡೆಯುತ್ತಾನೆ. ಅದಕ್ಕೆ ಸಿಮ್ಯುಲೇಶನ್ ಅನ್ನುತ್ತಾರಂತೆ. ಇಷ್ಟಕ್ಕೇ ಮುಗಿಯಲಿಲ್ಲ. ಯಾವ ಆಟಗಾರ ಎಷ್ಟು ಜನರ ಟೀಮಿನಲ್ಲಿ ಇರುತ್ತಾನೆ ಅನ್ನುವುದನ್ನೂ ಅಂದಾಜು ಮಾಡುತ್ತಿದ್ದ. ಅದಕ್ಕೆ ಅವನು ಪಾಲು ಅನ್ನುತ್ತಿದ್ದ. ಎಲ್ಲರೂ ಆರಿಸಿಕೊಂಡ ದೊಡ್ಡ ಆಟಗಾರ ಗೋಲು ಹೊಡೆದರೆ ಎಲ್ಲರೂ ಒಟ್ಟಿಗೆ ಮೇಲೇರುತ್ತಾರೆ, ಅಂದರೆ ಯಾರೂ ಯಾರನ್ನೂ ದಾಟುವುದಿಲ್ಲ. ಯಾರೂ ಕಣ್ಣೆತ್ತಿ ನೋಡದವನು ನಮ್ಮ ಹತ್ತಿರ ಇದ್ದು, ಅವನು ಗೋಲು ಹೊಡೆದರೆ ಮಾತ್ರ ನಾವು ಮೇಲೆ. ಬಿಡುವಿನ ವೇಳೆಯಲ್ಲಿ ಬೋರ್ಡಿನ ಮೇಲೆ ಚಿತ್ರ ಬರೆದು ಇದನ್ನೆಲ್ಲ ನನಗೆ ವಿವರಿಸುತ್ತಿದ್ದ. ಇಷ್ಟು ಬುದ್ಧಿಯನ್ನು ಯಾವುದಾದರೂ ಪರೀಕ್ಷೆಗೆ ಹಾಕಿದ್ದರೆ ಪರ್ಮನೆಂಟ್ ಆಗುತ್ತಿದ್ದೆ ಕಣೋ ಅಂದೆ. ಅಲ್ಲೂ ಇದೇ ಲೆಕ್ಕ ಮ್ಯಾಡಂ ಅಂದ.

ಕುನಾಲನ ಅಂಗಡಿಯಲ್ಲಿ ಶನಿವಾರ ಸಂಜೆ ಹಳೆಯ ಹಾಸ್ಟೆಲಿನವರು, ಓಣಿಯವರು, ಪಕ್ಕದ ಚಹದಂಗಡಿಯ ಗುಫ್ರಾನ್, ಹೀಗೆ ಒಂದು ಇಪ್ಪತ್ತು ಜನ ಸೇರುತ್ತಿದ್ದರು. ಅಜಿತ ಸರ್ ಟೀಮು ಹೇಳಬೇಕು, ಎಲ್ಲರೂ ತಮ್ಮ ತಮ್ಮ ಮೊಬೈಲಿನಲ್ಲಿ ಒತ್ತಬೇಕು. ಮೊದಮೊದಲು ಎಲ್ಲರಿಗೂ ಒಂದೇ ಟೀಮು. ಹಂಚಿಕೊಂಡು ತಿನ್ನುವುದನ್ನು ಕಲಿತ ಜನ, ಬೇರೆ ಹ್ಯಾಗೆ ಮಾಡಿಯಾರು. ಒಂದು ಶನಿವಾರ ಆ ಟೀಮು ಸಿಕ್ಕಾಪಟ್ಟೆ ಮೇಲೆ ಹೋಯಿತು. ಅಂಗಡಿಯಲ್ಲಿ ಕೇಕೆ ಹಾಕಿದ್ದೇ ಹಾಕಿದ್ದು. ಆಮೇಲೆ ನೋಡಿದರೆ ಆ ಜಾಗದಲ್ಲಿ ಇವರೇ ಇಪ್ಪತ್ತು ಜನ ಸಾಲಾಗಿ ನಿಂತಿದ್ದಾರೆ. ಬಂದ ಬಹುಮಾನ ಇಪ್ಪತ್ತು ತುಂಡಾಗಿ, ಒಬ್ಬೊಬ್ಬರಿಗೆ ಮಿರ್ಚಿ ಭಜಿ ತಿನ್ನುವಷ್ಟು ಉಳಿಯಿತು. ಅವರು ಭಜಿಯನ್ನೇ ತರಿಸಿ ತಿಂದು ನಗುತ್ತಾ ಮನೆಗೆ ಹೋದರು. ಅಜಿತನಿಗೆ ಮಾತ್ರ ಭಜಿ ಇಳಿಯಲಿಲ್ಲ. ನಾವೇ ನಮ್ಮ ಪಾಲು ಹೆಚ್ಚು ಮಾಡಿಕೊಂಡು ನಾವೇ ಹಾಳಾದೆವು ಅಂತ ಸೋಮವಾರ ನನ್ನ ಮುಂದೆ ಪೇಚಾಡಿದ.

ಬುದ್ಧಿ ಇದ್ದವನು ಅವತ್ತಿನಿಂದ ಯಾರಿಗೂ ಟೀಮು ಹೇಳುತ್ತಿರಲಿಲ್ಲ. ತನ್ನದು ತಾನು ಆಡಿಕೊಂಡಿರುತ್ತಿದ್ದ. ನಾನು ಹಾಗೆಯೇ ಹೇಳಿದೆ. ಅದು ಹ್ಯಾಗ ಆಗ್ತದ ಮ್ಯಾಡಂ ಅಂದ. ಅವನು ಕಂಡುಹಿಡಿದ ದಾರಿ ಬೇರೆ. ಒಬ್ಬೊಬ್ಬರಿಗೆ ಒಂದೊಂದು ಟೀಮು ಮಾಡತೊಡಗಿದ. ಯಾರದೂ ಯಾರನ್ನೂ ಹೋಲಬಾರದು, ಬಂದರೆ ಒಬ್ಬನಿಗೆ ಪೂರ್ತಿ ಬರಬೇಕು. ಇಡೀ ವಾರದ ಬಿಡುವೆಲ್ಲ ಇದಕ್ಕೇ ಹೋಗುತ್ತಿತ್ತು. ಪ್ರತಿ ಟೀಮನ್ನೂ ಆ ಹತ್ತು ಸಾವಿರ ಪಂದ್ಯಗಳಲ್ಲಿ ಓಡಿಸಿ, ಎಷ್ಟು ಸಲ ದೊಡ್ಡ ಬಹುಮಾನಕ್ಕೆ ಮುಟ್ಟಿತು ಅಂತ ನೋಡಿ, ಒಂದರ ಕೆಳಗೆ ಒಂದು ಜೋಡಿಸುತ್ತಿದ್ದ. ಜೋಡಿಸಿದ ಮೇಲೆ ಮೇಲಿನದು ಯಾರಿಗೆ ಕೊಡಬೇಕು ಅನ್ನುವ ಪ್ರಶ್ನೆ ಬಂದೇ ಬರುತ್ತದಲ್ಲ. ಮೇಲಿನದನ್ನು ಅವನು ಪ್ರತಿ ವಾರ ಕುನಾಲನಿಗೆ ಕೊಟ್ಟ. ತನಗೆ ಇಟ್ಟುಕೊಳ್ಳಲಿಲ್ಲ. ತಾನು ಎರಡನೆಯದನ್ನೋ ಮೂರನೆಯದನ್ನೋ ಆಡಿದ.

ಈ ಸಂಗತಿ ಗೊತ್ತಿದ್ದದ್ದು ನನಗೊಬ್ಬಳಿಗೆ. ಕುನಾಲನಿಗೂ ಹೇಳಿರಲಿಲ್ಲ. ಹೇಳಿದ್ದರೆ ಅವನು ಆ ಕ್ಷಣವೇ, ಬರ್ರಿ ಇದು ಚೊಲೊ ಅದ ಅಂತ ಎಲ್ಲರಿಗೂ ಓದಿ ಹೇಳಿಬಿಡುತ್ತಿದ್ದ, ಅಂಥ ಮನುಷ್ಯ. ಮತ್ತೆ ಇಪ್ಪತ್ತು ಜನರದೂ ಒಂದೇ ಟೀಮಾಗುತ್ತಿತ್ತು. ಗೆಳೆಯನಿಗೆ ಒಳ್ಳೆಯದಾಗಬೇಕಾದರೆ ಗೆಳೆಯನಿಂದಲೇ ಮುಚ್ಚಿಡಬೇಕಾದ ಆಟ ಅದು. ಅವತ್ತೇ ನನಗೆ ಅದು ಸರಿ ಕಾಣಲಿಲ್ಲ, ಕಾರಣ ಹೇಳಲು ಮಾತ್ರ ಬರಲಿಲ್ಲ.

ಈ ನಡುವೆ ಕುನಾಲನ ಅಂಗಡಿ ಮಲಗತೊಡಗಿತ್ತು. ಈಗ ಮೊಬೈಲು ಕೆಟ್ಟರೆ ಯಾರೂ ರಿಪೇರಿ ಮಾಡಿಸುವುದಿಲ್ಲ, ಕಂತಿನ ಮೇಲೆ ಹೊಸದು ತರುತ್ತಾರೆ. ಅವನ ಹೆಂಡತಿ ಕಾವೇರಿ ಬ್ಲೌಸು ಹೊಲಿದು ಮನೆ ನೂಕುತ್ತಿದ್ದಳು. ಇಬ್ಬರಿಗೂ ಒಬ್ಬ ಮಗಳು, ಬಾಲವಾಡಿಗೆ ಹೋಗುವವಳು. ಆಟದಲ್ಲಿ ಕುನಾಲ ದುಡ್ಡು ಕಳೆದುಕೊಂಡ ಅಂತ ತಿಳಿಯಬೇಡಿ, ಅವನು ಹಾಕುತ್ತಿದ್ದದ್ದು ವಾರಕ್ಕೆ ಒಂದು ಚಹದ ದುಡ್ಡು. ಅವನು ಕಳೆದುಕೊಂಡದ್ದು ವಾರಗಳನ್ನು. ಭಾನುವಾರದಿಂದ ಶುಕ್ರವಾರದವರೆಗಿನ ದಿನಗಳು ಶನಿವಾರಕ್ಕೆ ಹೋಗುವ ದಾರಿ ಅಷ್ಟೇ ಆಗಿಬಿಟ್ಟವು. ಟೇಬಲ್ಲಿನ ಮೇಲೆ ಬಿಚ್ಚಿಟ್ಟ ಫೋನು ಬಿಚ್ಚಿದಂತೆಯೇ ಇರುತ್ತಿತ್ತು. ಅಂಗಡಿಗೆ ಬೇರೆ ಸಾಮಾನು ಹಾಕೋಣ ಅಂತ ಕಾವೇರಿ ಹೇಳಿದರೆ, ತಡಿ, ಅಜ್ಯಾ ಇದ್ದಾನ ಅನ್ನುತ್ತಿದ್ದನಂತೆ.

ಅದು ಹೋದ ವರ್ಷದ ಫೆಬ್ರವರಿ, ಎರಡು ಸಾವಿರದ ಇಪ್ಪತ್ತೈದು. ನಂದೂರಿನಲ್ಲಿ ಬೇಳೆ ಮಿಲ್ಲು ಇಟ್ಟಿರುವ ದೌಲಪ್ಪನವರು ಮೊಮ್ಮಗಳ ಫೀ ಕಟ್ಟಲು ನಮ್ಮ ಕ್ಲಾಸಿಗೆ ಬಂದಿದ್ದರು. ಮಿಲ್ಲಿಗೆ ಹೊಸ ಯಂತ್ರ ತರಿಸಿದ್ದಾರಂತೆ, ಒಳಗೆ ಕ್ಯಾಮೆರಾ ಇಟ್ಟು ಕಪ್ಪು ಬೇಳೆ ಕೆಟ್ಟ ಬೇಳೆಯನ್ನು ಅದೇ ಆರಿಸಿ ಹೊರಗೆ ಹಾಕುತ್ತದಂತೆ. ಅದರ ಸರ್ಕ್ಯೂಟು ಗೊತ್ತಿರುವ, ಕೈ ಚುರುಕಿರುವ ಒಬ್ಬ ಮನುಷ್ಯ ಬೇಕು, ತಿಂಗಳ ಪಗಾರ, ಮಿಲ್ಲಿನ ಹಿಂದೆ ಇರಲು ಎರಡು ಕೋಣೆ ಅಂದರು. ಅಜಿತ ಅಲ್ಲೇ ನಿಂತಿದ್ದವನು ಕುನಾಲನ ಹೆಸರು ಹೇಳಿದ, ನಾನೂ ಜಾಮೀನು ನಿಂತೆ. ದೌಲಪ್ಪನವರು ಹಾಗೆಲ್ಲ ಎರಡು ಮಾತಿನವರಲ್ಲ. ಸೋಮವಾರ ಬೆಳಿಗ್ಗೆ ಬಂದು ನಿಲ್ಲಲಿ, ಬರದಿದ್ದರೆ ಬೀದರಿನ ಒಬ್ಬ ಹುಡುಗ ಕಾಯುತ್ತಿದ್ದಾನೆ ಅಂದು ಹೋದರು. ನನಗೆ ಬಹಳ ಸಂತೋಷವಾಯಿತು. ಒಂದು ಸಂಸಾರ ದಡ ಹತ್ತಿತು ಅಂದುಕೊಂಡೆ.

ಶನಿವಾರ ಅಜಿತ ಈ ಸುದ್ದಿ ಹೊತ್ತುಕೊಂಡು ಕಮಲಾಪುರಕ್ಕೆ ಹೋದ. ಕಾವೇರಿ ಕೇಳಿದ ಕೂಡಲೇ ಮಗಳನ್ನು ನಂದೂರಿನ ಯಾವ ಶಾಲೆಗೆ ಹಾಕಬೇಕು ಅಂತ ಕೇಳಿದಳಂತೆ. ಕುನಾಲ ಮಾತ್ರ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕೈಯಾರೆ ಕಟ್ಟಿದ ಅಂಗಡಿ, ಬಾಗಿಲು ಹಾಕಿ ಹೋಗುವುದು ಸುಲಭವಲ್ಲ. ಸಂಜೆ ಎಲ್ಲರೂ ಸೇರುವ ಮೊದಲು ಅವನು ಅಜಿತನನ್ನು ಗಾಡಿಗಳ ಆಚೆ ಕರೆದುಕೊಂಡು ಹೋದ. ಅಲ್ಲಿ ನಿಂತು, ಈ ಸಲದ ಟೀಮು ಹ್ಯಾಂಗದ ಅಂತ ಕೇಳಿದ.

ಆ ಸಲದ ಮೇಲಿನ ಟೀಮು ಅಜಿತನ ಹೆಮ್ಮೆಯ ಟೀಮು. ಅಷ್ಟು ಮೇಲೆ ಹೋದ ಟೀಮನ್ನು ಅವನ ಪ್ರೋಗ್ರಾಮು ಯಾವತ್ತೂ ತೋರಿಸಿರಲಿಲ್ಲ. ಬೆಳಿಗ್ಗೆಯಿಂದ ಅದನ್ನು ಯಾರಿಗಾದರೂ ಹೇಳಿಕೊಳ್ಳಬೇಕು ಅಂತ ಬಾಯಿ ತುರಿಸುತ್ತಿತ್ತು. ಎದುರಿಗೆ ಕುನಾಲ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ. ಮಳೆಗೂ ಪರೀಕ್ಷೆಗೂ ಅಂಕಿ ಹೇಳುವ ಅಜಿತ ಅವತ್ತು ಒಂದೇ ಒಂದು ಸಲ ಅಂಕಿ ಬಿಟ್ಟು ಮಾತು ಹೇಳಿದ.

"ಇಷ್ಟು ಚೊಲೊ ಟೀಮು ನಾ ಇದುವರೆಗೂ ಮಾಡಿಲ್ಲಲೇ."

ಅದು ಸುಳ್ಳಲ್ಲ. ಅಕ್ಷರಕ್ಕೆ ಅಕ್ಷರ ನಿಜ.

ಆಗ ಸುಧಾಕರ ಅನ್ನುವವನೊಬ್ಬ ಅಂಗಡಿಗೆ ಬಂದ. ಊರಲ್ಲಿ ಸಿಮೆಂಟಿನ ಅಂಗಡಿ ಇಟ್ಟವನು, ಚಾರ್ಜಿಂಗ್ ಪಿನ್ನು ಸರಿ ಮಾಡಿಸಲು ಬಂದಿದ್ದ. ಎಲ್ಲರೂ ಮೊಬೈಲು ಒತ್ತುವುದನ್ನು ನೋಡಿ, ನನಗೂ ಒಂದು ಕೊಡ್ರಿ ಸರ್ ಅಂತ ಹಲ್ಲು ಕಿರಿದ. ಫುಟ್‌ಬಾಲಿನಲ್ಲಿ ಗೋಲಿಗೆ ಎಷ್ಟು ಕಂಬ ಅನ್ನುವುದೂ ಅವನಿಗೆ ಗೊತ್ತಿರಲಿಲ್ಲ. ಬಂದವನಿಗೆ ಇಲ್ಲ ಅನ್ನಲು ಅಜಿತನಿಗೆ ಬರುವುದಿಲ್ಲ. ಪಟ್ಟಿಯ ತಳದಲ್ಲಿ ಉಳಿದಿದ್ದ, ಯಾರಿಗೂ ಕೊಡಬಾರದು ಅಂತ ಬಿಟ್ಟಿದ್ದ ಒಂದು ಟೀಮನ್ನು ಓದಿ ಹೇಳಿದ. ಅದರ ಕ್ಯಾಪ್ಟನ್ ಹಿಂದೆ ನಿಂತು ತಡೆಯುವ ಒಬ್ಬ ಎತ್ತರದ ಆಟಗಾರ, ಆ ವರ್ಷ ಒಂದೂ ಗೋಲು ಹೊಡೆಯದವನು.

ಪಂದ್ಯ ಶುರುವಾಗಿ ಸ್ವಲ್ಪ ಹೊತ್ತಿಗೆ ಕುನಾಲನ ಕ್ಯಾಪ್ಟನ್ ತೊಡೆ ಹಿಡಿದುಕೊಂಡು ಕೂತ, ಅವನನ್ನು ಹೊರಗೆ ಕರೆದುಕೊಂಡು ಹೋದರು. ಆ ಎತ್ತರದ ಆಟಗಾರ ಕಾರ್ನರಿನಿಂದ ಬಂದ ಚೆಂಡಿಗೆ ಎರಡು ಸಲ ತಲೆ ಕೊಟ್ಟ, ಎರಡೂ ಗೋಲು. ದೇಶದಲ್ಲಿ ಅವನನ್ನು ಕ್ಯಾಪ್ಟನ್ ಮಾಡಿಕೊಂಡವರು ಬೆರಳೆಣಿಕೆಯ ಮಂದಿ, ಅವರಲ್ಲಿ ನಮ್ಮ ಸಿಮೆಂಟಿನ ಸುಧಾಕರ ಒಬ್ಬ. ಅವನಿಗೆ ಒಂದು ಕಾರು ಕೊಳ್ಳುವಷ್ಟು ಬಂತು, ಮುಂದೆ ಕೊಂಡೂಬಿಟ್ಟ. ಭಾನುವಾರ ಬೆಳಿಗ್ಗೆ ಗುಂಡಮ್ಮನ ಮನೆಗೇ ಪೇಡೆ ತಂದು, ಅಜಿತನನ್ನು ಅಂಗಡಿಯ ಮುಂದೆ ಕರೆದುಕೊಂಡು ಬಂದು, ಊರ ಮಂದಿಯ ನಡುವೆ ಶಾಲು ಹೊದಿಸಿದ. ಆ ಶಾಲು ಹೊದ್ದು ನಿಂತ ಅಜಿತನ ಫೋಟೋ ನನಗೂ ಬಂತು. ಇಂಗು ತಿಂದ ಮಂಗನ ಮುಖ. ಕುನಾಲ ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದ.

ಸೋಮವಾರ ಅವನು ನಂದೂರಿಗೆ ಹೋಗಲಿಲ್ಲ.

ದೌಲಪ್ಪನವರ ಫೋನು ಮಧ್ಯಾಹ್ನ ನನಗೆ ಬಂತು. ನಾನು ಅಜಿತನ ಮೇಲೆ ಹರಿಹಾಯ್ದೆ, ಅಜಿತ ಕುನಾಲನಿಗೆ ಫೋನು ಹಚ್ಚಿದ. ಇನ್ನೊಂದೆರಡು ವಾರ ನೋಡ್ತೀನಿ, ನಮ್ಮ ಅಂಗಡಿಗೇ ಬಂದು ಹೋಗ್ಯದ, ಇನ್ನೇನು ದೂರ ಇಲ್ಲ ಅಂದನಂತೆ. ಪಕ್ಕದವನಿಗೆ ಬಂದದ್ದು ತನಗೆ ಬರುವುದರ ಮುನ್ಸೂಚನೆ ಅಂತ ತಿಳಿದಿದ್ದ. ಅಜಿತ ಆಗಲಾದರೂ ತನ್ನ ಅಂಕಿಯನ್ನು ಬಾಯಿ ಬಿಟ್ಟು ಹೇಳಬೇಕಿತ್ತು. ಹೇಳಲಿಲ್ಲ, ಹೋಗಲೇ, ಕೆಲಸ ಚೊಲೊ ಅದ ಅಂತ ಮಾತ್ರ ಒತ್ತಾಯ ಮಾಡಿದ. ಮಂಗಳವಾರ ಬೀದರಿನ ಹುಡುಗ ಬಂದು ಯಂತ್ರದ ಮುಂದೆ ನಿಂತ. ಮಿಲ್ಲಿನ ಹಿಂದಿನ ಎರಡು ಕೋಣೆ ಅವನ ಪಾಲಾದವು.

ಮುಂದಿನ ಶನಿವಾರಗಳಲ್ಲಿ ಏನೂ ಬರಲಿಲ್ಲ. ಊರಲ್ಲಿ ಮಾತು ಬದಲಾಯಿತು. ಅಜಿತ ಸರ್‌ಗೆ ಎಲ್ಲ ಗೊತ್ತಿರ್ತದ, ಬೇಕಾದವರಿಗೆ ಗೆಲ್ಲೋದು ಕೊಡ್ತಾರ, ಉಳಿದವರಿಗೆ ಹೊಟ್ಟು ಅಂತ. ಸುಧಾಕರನ ಹತ್ತಿರ ಏನೋ ಒಳಗಿಂದೊಳಗೆ ತಿಂದಿದ್ದಾರೆ ಅಂತಲೂ ಒಬ್ಬರು ಸೇರಿಸಿದರು. ಒಂದೇ ಟೀಮು ಇದ್ದಾಗ ಎಲ್ಲರೂ ಒಟ್ಟಿಗೆ ಸೋತು ಒಟ್ಟಿಗೆ ಭಜಿ ತಿನ್ನುತ್ತಿದ್ದರು. ಈಗ ಪ್ರತಿಯೊಬ್ಬನೂ ತನ್ನ ಟೀಮನ್ನು ಪಕ್ಕದವನ ಟೀಮಿನ ಪಕ್ಕ ಇಟ್ಟು ನೋಡತೊಡಗಿದ. ಮಾರ್ಚಿನ ಒಂದು ಶನಿವಾರ ಎಲ್ಲರೆದುರೇ ಕುನಾಲ ಕೇಳಿದ, ಸುಧಾಕರಗ ಕೊಟ್ಟಿದ್ದು ನನಗ ಯಾಕ ಕೊಡಲಿಲ್ಲ ಅಂತ. ದನಿ ಏರಿಸಲಿಲ್ಲ. ಅಜಿತನಿಗೆ ಉತ್ತರ ಗೊತ್ತಿತ್ತು, ಆದರೆ ಇಪ್ಪತ್ತು ಜನರ ಮುಂದೆ, ನಿನಗೆ ಎಲ್ಲರಿಗಿಂತ ಒಳ್ಳೆಯದು ಕೊಡುತ್ತಿದ್ದೆ ಅಂತ ಹ್ಯಾಗೆ ಹೇಳುತ್ತಾನೆ. ಮುಚ್ಚಿಟ್ಟು ತಿನಿಸಿದ್ದೂ ಅಲ್ಲಿ ತಪ್ಪೇ. ಸುಮ್ಮನೆ ನಿಂತ. ಅವನ ಸುಮ್ಮನಿರುವಿಕೆಯನ್ನು ಅಲ್ಲಿದ್ದವರೆಲ್ಲ ತಮಗೆ ಬೇಕಾದಂತೆ ಓದಿಕೊಂಡರು.

ಅವತ್ತಿನಿಂದ ಕುನಾಲ ಟೀಮು ತೆಗೆದುಕೊಳ್ಳಲಿಲ್ಲ, ಫೋನು ಎತ್ತಲಿಲ್ಲ. ಅಜಿತ ಕಮಲಾಪುರಕ್ಕೆ ಹೋದರೆ ಅಂಗಡಿಗೆ ಬೀಗ. ಇಲ್ಲಿ ನನ್ನ ಕ್ಲಾಸಿನಲ್ಲಿ ಹುಡುಗ ದಿನದಿನಕ್ಕೆ ಸೊರಗಿದ. ಬೋರ್ಡಿನ ಮೇಲೆ ಅರ್ಧ ಲೆಕ್ಕ ಬರೆದು ನಿಂತುಬಿಡುವನು, ಹಿಂದಿನ ಬೆಂಚಿನವರು ನಗುವರು. ಏನೇ ಆಗಲಿ, ಅವನಿಗೆ ಮೇಲಿಂದು ಕೊಟ್ಟಿದ್ದೆ ಅನ್ನೋದಾದರೂ ಗೊತ್ತಾಗಬೇಕಿತ್ತು ಮ್ಯಾಡಂ ಅನ್ನುವನು. ಅದೊಂದೇ ಮಾತು ಅವನನ್ನು ಕೊರೆಯುತ್ತಿತ್ತು. ಕುನಾಲನಿಗೆ ನಿಜ ಗೊತ್ತಾದರೆ ಮತ್ತೆ ಮೊದಲಿನಂತಾಗುತ್ತಾನೆ ಅಂತ ಅವನು ನಂಬಿದ್ದ. ನಾನೂ ನಂಬಿದ್ದೆ.

ಆಗಸ್ಟಿನಲ್ಲಿ ಕೇಂದ್ರದ ಹೊಸ ಕಾನೂನು ಬಂದು ದುಡ್ಡು ಕಟ್ಟಿ ಆಡುವ ಇಂಥ ಆಟಗಳೆಲ್ಲ ನಿಂತವು. ಹೊಸ ಸೀಜನ್ನು ಆಗಷ್ಟೇ ಶುರುವಾಗಿತ್ತು. ಟಿವಿಯವರು ಎರಡು ದಿನ ಕೂಗಾಡಿದರು, ಆಮೇಲೆ ಎಲ್ಲ ತಣ್ಣಗಾಯಿತು. ಅಜಿತನ ಮುಖದಲ್ಲಿ ಬಹಳ ದಿನಗಳ ಮೇಲೆ ಸ್ವಲ್ಪ ಕಳೆ ಕಂಡಿತು. ಇನ್ನು ಆಟವೇ ಇಲ್ಲ, ಪಾಲಿನ ಮಾತೂ ಇಲ್ಲ, ಮುಚ್ಚಿಡುವ ಕಾರಣವೂ ಇಲ್ಲ. ಲ್ಯಾಪ್‌ಟಾಪಿನಲ್ಲಿ ಆ ಫೆಬ್ರವರಿಯ ಶನಿವಾರ ಹಾಗೆಯೇ ಇದೆ, ತೋರಿಸುತ್ತೇನೆ ಅಂದ. ನೀವೂ ಬರ್ರಿ ಮ್ಯಾಡಂ, ನೀವಿದ್ದರ ಅಂವ ಎದ್ದು ಹೋಗಂಗಿಲ್ಲ ಅಂತ ಕೈ ಮುಗಿದ. ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ತೊಗರಿ ಹಸಿರಾಗಿ ನಿಂತಿತ್ತು. ಅಜಿತ ಬ್ಯಾಗನ್ನು ತೊಡೆಯ ಮೇಲೆ ಎರಡೂ ಕೈಯಿಂದ ಹಿಡಿದುಕೊಂಡಿದ್ದ.

ಕುನಾಲ ಮನೆಯಲ್ಲಿದ್ದ. ಅಂಗಡಿಯ ಅರ್ಧ ಭಾಗವನ್ನು ಬಾಳೆಹಣ್ಣಿನವನಿಗೆ ಗೋದಾಮಿಗೆ ಕೊಟ್ಟಿದ್ದಾನೆ ಅಂತ ಕಾವೇರಿ ಹೇಳಿದಳು, ಉಳಿದ ಅರ್ಧದಲ್ಲಿ ರಿಚಾರ್ಜು, ಕವರು. ನನಗೆ ಕುರ್ಚಿ ಹಾಕಿದರು. ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರು, ಕೆಳಗೆ ಹೊಲಿಗೆ ಯಂತ್ರ, ಅದರ ಪಕ್ಕ ಮಡಚಿಟ್ಟ ಬ್ಲೌಸುಗಳು. ಕುನಾಲ ದಪ್ಪ ಗಡ್ಡ ಬಿಟ್ಟಿದ್ದ. ನನಗೆ ನಮಸ್ಕಾರ ಮಾಡಿದ, ಅಜಿತನ ಕಡೆ ನೋಡಲಿಲ್ಲ. ನಾನು ಪೀಠಿಕೆ ಹಾಕಲಿಲ್ಲ. ಇವನು ಒಂದು ತೋರಿಸಬೇಕಂತೆ, ಅದನ್ನು ನೋಡು, ಆಮೇಲೆ ಬೈಯುವುದಿದ್ದರೆ ನಾನೂ ಸೇರಿಕೊಳ್ಳುತ್ತೇನೆ ಅಂದೆ. ಅವನು ಸಣ್ಣಗೆ ನಕ್ಕ. ಅದನ್ನು ನೋಡಿ ನನಗೂ ಜೀವ ಬಂತು.

ಅಜಿತ ಲ್ಯಾಪ್‌ಟಾಪನ್ನು ಹೊಲಿಗೆ ಯಂತ್ರದ ಹಲಗೆಯ ಮೇಲೆ ಇಟ್ಟು ತೆರೆದ. ಆ ಶನಿವಾರದ ಟೀಮುಗಳು ಒಂದರ ಕೆಳಗೊಂದು, ಪಕ್ಕದಲ್ಲಿ ಹೆಸರು. ಎಲ್ಲಕ್ಕಿಂತ ಮೇಲೆ ಕುನಾಲ. ಅದರ ಹಿಂದಿನ ಶನಿವಾರ ತೆರೆದ, ಮೇಲೆ ಕುನಾಲ. ಅದರ ಹಿಂದಿನದು, ಅಲ್ಲಿಯೂ ಅವನೇ. ಪ್ರತಿ ವಾರ ಮೇಲಿಂದೇ ನಿನಗ ಕೊಟ್ಟೀನಿ ಅಂದ ಅಜಿತ. ಸುಧಾಕರನ ಹೆಸರು ತೀರಾ ಕೆಳಗಿತ್ತು. ಕಾವೇರಿ ಬಾಗಿಲಲ್ಲಿ ಚಹದ ತಟ್ಟೆ ಹಿಡಿದು ನಿಂತವಳು ನಿಂತೇ ಇದ್ದಳು. ಕುನಾಲ ಬಹಳ ಹೊತ್ತು ನೋಡಿದ. ಅವನ ಮುಖ ಮೆತ್ತಗಾದದ್ದನ್ನು ನಾನು ನೋಡಿದೆ, ಇಲ್ಲ ಅನ್ನುವುದಿಲ್ಲ. ಕೈ ಚಾಚಿ ಗೆಳೆಯನ ಭುಜ ಮುಟ್ಟಿಯೇ ಬಿಡುತ್ತಾನೆ ಅಂದುಕೊಂಡೆ.

ಅವನು ಕೈ ಚಾಚಿದ್ದು ಪರದೆಯ ಕಡೆಗೆ. ತನ್ನ ಹೆಸರಿನ ಮುಂದಿದ್ದ ಅಂಕಿಯ ಮೇಲೆ ಬೆರಳಿಟ್ಟು, ಇದೇನು ಅಂತ ಕೇಳಿದ.

ಅಜಿತ ಹೇಳಿದ. ಪಂದ್ಯ ಹತ್ತು ಸಾವಿರ ಸಲ ಆಡಿದರೆ ಅದರಲ್ಲಿ ತೊಂಬತ್ತು ಸಲ ಈ ಟೀಮು ದೊಡ್ಡ ಬಹುಮಾನಕ್ಕೆ ಮುಟ್ಟುತ್ತದೆ. ಸುಧಾಕರನದು ಹನ್ನೊಂದೇ ಸಲ. ನಿನ್ನದು ಎಂಟು ಪಟ್ಟು ಚೊಲೊ ಇತ್ತು ಅಂತ ಹೇಳುವಾಗ ಅವನ ಮುಖದಲ್ಲಿ ಆ ಹಳೆಯ ಹೆಮ್ಮೆ ಒಂದು ಕ್ಷಣ ಬಂದು ಹೋಯಿತು. ಅಯ್ಯೋ ಹುಚ್ಚಪ್ಪಾ ಅಂತ ನನ್ನ ಜೀವ ಹಾರಿತು. ಯಾಕೆಂದರೆ ಕುನಾಲ ಆಗಲೇ ಬೆರಳು ಹಿಂದಕ್ಕೆ ತೆಗೆದುಕೊಂಡಿದ್ದ, ತುಟಿ ಅಲ್ಲಾಡಿಸುತ್ತ ಲೆಕ್ಕ ಹಾಕುತ್ತಿದ್ದ.

"ನೂರಕ್ಕ ಒಂದೂ ಅಲ್ಲ," ಅಂದ.

ಹೊರಗೆ ಮಗಳು ಯಾರ ಜೊತೆಗೋ ಆಡುತ್ತಿದ್ದಳು, ಅವಳ ದನಿ ಕೇಳುತ್ತಿತ್ತು. ಎಲ್ಲಕ್ಕಿಂತ ಮೇಲಿನದು ಅಂದರೂ ಇಷ್ಟೇ ಏನು ಅಂತ ಕುನಾಲ ಕೇಳಿದ. ಅಜಿತ ಹೌದು ಅಂತ ತಲೆಯಾಡಿಸಿದ. ಯಾವತ್ತೂ ಇಷ್ಟೇ ಇತ್ತೇನು ಅಂತ ಕೇಳಿದ. ಇದಕ್ಕಿಂತ ಕಡಿಮೆ ಇರುತ್ತಿತ್ತು ಅಂತ ಅಜಿತ ಹೇಳಬೇಕಾಯಿತು. ಅವನಿಗೆ ಈಗ ತಿಳಿಯತೊಡಗಿತ್ತು. ಗೆಳೆಯನಿಗೆ ಮೋಸ ಮಾಡಲಿಲ್ಲ ಅನ್ನುವುದಕ್ಕೆ ಹೊತ್ತು ತಂದ ಸಾಕ್ಷಿ ಏನನ್ನು ಹೇಳುತ್ತಿದೆ ಅಂತ. ನನಗಂತೂ ಅಲ್ಲಿಂದ ಎದ್ದು ಓಡಿ ಹೋಗಬೇಕು ಅನ್ನಿಸಿತು.

ಕುನಾಲ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಗೋಡೆಗೆ ಒರಗಿ ಕೂತು, ಸಣ್ಣ ಮಕ್ಕಳಿಗೆ ತಿಳಿಸಿ ಹೇಳುವ ದನಿಯಲ್ಲಿ ಹೇಳಿದ.

"ಅವತ್ತ ಗಾಡಿ ಹಿಂದ ನಿಂತು ನಾ ಟೀಮಿನದ್ದು ಕೇಳಿರಲಿಲ್ಲಲೇ ಅಜ್ಯಾ. ನಂದೂರಿಗೆ ಹೋಗ್ಲೇನು ಬ್ಯಾಡೇನು ಅಂತ ಕೇಳಿದ್ದೆ. ನೂರಕ್ಕ ಒಂದು ಅಂದಿದ್ದರ ನಕ್ಕೊಂತ ಬಸ್ ಹತ್ತತಿದ್ದೆ."

ಕಾವೇರಿ ತಟ್ಟೆಯನ್ನು ನೆಲದ ಮೇಲೆ ಇಟ್ಟು ಒಳಗೆ ಹೋದಳು. ಅಜಿತ ಏನೋ ಹೇಳಲು ಬಾಯಿ ತೆರೆದ. ನೀ ಕೇಳಿದ್ದು ಹಂಗಂತ ನನಗ ಗೊತ್ತಾಗಲಿಲ್ಲ ಅಂತ ಹೇಳಲು ಹೊರಟಿದ್ದನೋ ಏನೋ. ಅಷ್ಟರಲ್ಲಿ ಕುನಾಲ ಅವನ ಮುಖವನ್ನು ಮೊದಲ ಸಲ ನೇರವಾಗಿ ನೋಡಿದ.

"ಊರ ಮಂದಿಗೆಲ್ಲ ಎಷ್ಟಕ್ಕ ಎಷ್ಟು ಅಂತ ಹೇಳ್ತೀ. ನನಗೊಬ್ಬನಿಗೇ ಹೇಳಲಿಲ್ಲ. ನಾ ಏನು ಆ ಹನ್ನೊಂದು ಮಂದಿ ನಂಬಿ ಕುಂತಿದ್ನೇನು?"

ಅಷ್ಟು ಹೇಳಿ ಎದ್ದು ಹೊರಗೆ ಹೋಗಿ ಮಗಳನ್ನು ಎತ್ತಿಕೊಂಡ. ಅಜಿತ ಕೂತಲ್ಲೇ ಕೂತಿದ್ದ, ಪರದೆಯ ಮೇಲೆ ಕುನಾಲನ ಹೆಸರು ಇನ್ನೂ ಎಲ್ಲರಿಗಿಂತ ಮೇಲೆಯೇ ಇತ್ತು. ಲ್ಯಾಪ್‌ಟಾಪು ಮುಚ್ಚಬೇಕು ಅಂತಲೂ ಅವನಿಗೆ ತೋಚಲಿಲ್ಲ, ನಾನೇ ಮುಚ್ಚಿದೆ.